ತೋಳದ ಬೋರ್ಡಿನ ಕೆಳಗೆ

ನಾಗಮಂಗಲದಿಂದ ಎರಡು ಬಸ್ಸು ಬದಲಿಸಿ, ಪಾಂಡವಪುರದ ಆಚೆಯ ಬೆಟ್ಟದಲ್ಲಿರುವ ತೋಳದ ಅಭಯಾರಣ್ಯ ನೋಡಲು ಬಂದಿದ್ದೆ. ಗಾರ್ಡು ಗೇಟು ತೆಗೆಯಲಿಲ್ಲ. ಆಫೀಸಿನಿಂದ ಚೀಟಿ ತರಬೇಕಂತೆ. ಆಫೀಸಿನವರೋ, ಚೀಟಿ ಗೇಟಿನಲ್ಲೇ ಕೊಡುತ್ತಾರೆಂದು ಕಳಿಸಿದ್ದರು. ನಾನು ರೇಗಾಡುತ್ತಿದ್ದಾಗ, ಬಂಡೆಗಳ ನಡುವೆ ಆಡು ಮೇಯಿಸುತ್ತಿದ್ದ ಮುದುಕಿಯೊಬ್ಬಳು ಹತ್ತಿರ ಬಂದಳು.

"ನನ್ನ ಎಲ್ಡು ಮರಿನ ತೋಳ ಎತ್ಕೊಂಡೋಯ್ತು ಸಾಮಿ. ಇವ್ನು ನಾಯಿ ಅಂತ ಬರ್ಕೊಂಡವ್ನೆ. ನಾಯಿ ಅಂದ್ರೆ ಪರಿಹಾರದ ದುಡ್ಡು ಬರಕಿಲ್ವಂತೆ."

ಗಾರ್ಡಿನ ತಲೆಯ ಮೇಲೆಯೇ ತೋಳದ ಚಿತ್ರವಿದ್ದ ದೊಡ್ಡ ಬೋರ್ಡಿತ್ತು.

"ಆಪೀಸಲ್ಲಿ ಅಂಗೇ ಬರಿ ಅಂದ್ರು ಸಾ, ನಾನೇನ್ ಮಾಡ್ಲಿ?" ಎಂದ ಅವನು.

ನನಗೆ ಬೆಟ್ಟ ನೋಡುವ ಆಸೆಯೇ ಹೋಯಿತು. ಅಲ್ಲೇ ಕಲ್ಲಿನ ಮೇಲೆ ಕೂತು, ತೋಳವೆಂದೇ ಬರೆದು ಅವಳ ಪರಿಹಾರದ ಅರ್ಜಿ ಮುಗಿಸಿದೆ. ಅವಳು ಹೆಬ್ಬೆಟ್ಟು ಒತ್ತಲು ಇಂಕುಪ್ಯಾಡು ತಂದುಕೊಟ್ಟವನು ಗಾರ್ಡೇ.