ಮಗನ ಫೋನಿಗೆ ಅಪ್ಪನ ಕಾಲು

ನನ್ನ ತಮ್ಮನಿಗೆ ವಿಶ್ವವಿದ್ಯಾಲಯದಲ್ಲಿ ಚಕ್ರಣ್ಣ ಅಂತಲೇ ಹೆಸರು. ಅಟೆಂಡರ್ ಕೆಲಸ. ಹನ್ನೊಂದು ಕಟ್ಟಡಗಳ ನಡುವೆ ಫೈಲು ಹೊತ್ತು ತಿರುಗುವವನ ಕಾಲಲ್ಲಿ ಚಕ್ರ ಇರಲೇಬೇಕಲ್ಲ. ಇಪ್ಪತ್ತಾರು ವರ್ಷ ತಿರುಗಿ ತಿರುಗಿ ಚಪ್ಪಲಿ ಸವೆಸಿದ, ಬುದ್ಧಿ ಮಾತ್ರ ಎಲ್ಲಿತ್ತೋ ಅಲ್ಲೇ ಉಳಿಯಿತು. ನಾನು ಅಕ್ಕ, ಹೇಳಬಹುದು. ಅಲ್ಲಿಯ ಲೈಬ್ರರಿ ಬಾಗಿಲಲ್ಲಿರುವ ಬ್ಯಾಗ್ ಕೌಂಟರ್ ನನ್ನದು. ಬ್ಯಾಗು ಇಟ್ಟುಕೊಂಡು ಟೋಕನ್ ಕೊಡುತ್ತೇನೆ, ಟೋಕನ್ ತಂದರೆ ಬ್ಯಾಗು ಕೊಡುತ್ತೇನೆ. ಟೋಕನ್ ಇಲ್ಲದೆ ಕುಲಪತಿ ಬಂದರೂ ಬರಿಗೈಯೇ.

ತಮ್ಮನಿಗೆ ಒಬ್ಬನೇ ಮಗ, ನಮ್ಮ ಮಹಾರಾಜ. ಅಲ್ಲೇ ಕೊನೆಯ ವರ್ಷ ಓದುತ್ತಿದ್ದಾನೆ, ಅಂದರೆ ಹೆಸರು ರಿಜಿಸ್ಟರಿನಲ್ಲಿದೆ. ನಮ್ಮ ಮನೆಯಲ್ಲಿ ಹತ್ತನೇ ತರಗತಿ ದಾಟಿದವರಿಲ್ಲ, ಇವನೊಬ್ಬ ಪದವಿ ಮುಗಿಸಲಿ ಅಂತ ತಮ್ಮ ಜೀವ ಹಿಡಿದುಕೊಂಡಿದ್ದಾನೆ. ಮಹಾರಾಜನ ಕಣ್ಣು ಫೋನು ಬಿಟ್ಟು ಏಳದು. ಮಲಗಿ ನೋಡುತ್ತಾನೆ, ಉಣ್ಣುತ್ತ ನೋಡುತ್ತಾನೆ, ಬಚ್ಚಲಿಗೂ ಜೊತೆಗೊಯ್ಯುತ್ತಾನೆ. ನೀರು ಬೇಕಾದರೆ ಕೋಣೆಯಿಂದ ಅಡುಗೆಮನೆಗೆ ಮೆಸೇಜು. ತಮ್ಮ ಲೋಟ ಹಿಡಿದು ಓಡುತ್ತಾನೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಹೆಗ್ಗಣವಾದರೂ ಮನೆ ತುಂಬ ಓಡಾಡುತ್ತದೆ.

ಈ ವರ್ಷ ಕ್ರೀಡಾ ನಿರ್ದೇಶಕರಿಗೆ ಜ್ಞಾನೋದಯವಾಯಿತು. ಹುಡುಗರೆಲ್ಲ ಫೋನು ಹಿಡಿದು ಕೂತಲ್ಲೇ ಕೊಳೆಯುತ್ತಿದ್ದಾರೆ, ನಡೆಸಬೇಕು. ಹೇಗೆ ಅಂದರೆ ಫೋನಿನಿಂದಲೇ. ದಿನಕ್ಕೆ ಎಂಟು ಸಾವಿರ ಹೆಜ್ಜೆ, ಫೋನೇ ಎಣಿಸುತ್ತದೆ. ಸೆಮಿಸ್ಟರ್ ಪೂರ್ತಿ ಲೆಕ್ಕ ಸರಿಯಿಲ್ಲದಿದ್ದರೆ ಪರೀಕ್ಷೆಗೆ ಹಾಲ್ ಟಿಕೆಟ್ ಇಲ್ಲ. ತಿಂಗಳಿಗೊಮ್ಮೆ ಅತಿ ಹೆಚ್ಚು ನಡೆದವರಿಗೆ ಪದಕ. ಈ ಆಜ್ಞೆ ಹೊರಡಿಸಿದ ಮನುಷ್ಯ ತನ್ನ ಕೋಣೆಯಿಂದ ಮೈದಾನಕ್ಕೆ ಕಾರಿನಲ್ಲಿ ಬರುತ್ತಾನೆ.

ಅವರು ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರುವವರು. ಮಹಾರಾಜ ಮಲಗಿದಲ್ಲಿಂದಲೇ ಫೋನು ಚಾಚಿದ. "ಅಪ್ಪ, ಹೇಗಿದ್ರೂ ನೀನು ನಡೀತಾನೇ ಇರ್ತೀಯಲ್ಲ, ಇದನ್ನೂ ಜೇಬಲ್ಲಿ ಹಾಕ್ಕೋ."

ತಾನು ಇನ್ನೊಂದು ಫೋನು ತೆಗೆದು ಮಗ್ಗುಲು ಬದಲಿಸಿದ. ಅದನ್ನೂ ಅಪ್ಪನೇ ಕೊಡಿಸಿದ್ದು, ಪಾಠ ಕೇಳುವುದಕ್ಕಂತೆ.

"ನಿಂಗೆ ನಾಚಿಕೆ ಆಗಲ್ವೇನೋ?" ಅಂತ ತಮ್ಮನನ್ನು ಕೇಳಿದೆ.

"ಪರೀಕ್ಷೆಗೆ ಕೂರಿಸ್ಲಿಲ್ಲ ಅಂದ್ರೆ ಏನ್ ಮಾಡ್ಲಿ ಅಕ್ಕ?" ಅಂದ.

ಸುದ್ದಿ ಹಬ್ಬಿತು. ವಾರದೊಳಗೆ ತಮ್ಮನ ಫೈಲು ಚೀಲದಲ್ಲಿ ಮೂವತ್ತು ಫೋನು. ಇಲ್ಲ ಅನ್ನುವ ಪದ ಅವನಿಗೆ ಯಾರೂ ಕಲಿಸಿಲ್ಲ. ಆದರೆ ಕೊಟ್ಟವರ ಪಾಡು ನೋಡಬೇಕಿತ್ತು. ಬರಿಗೈಯಲ್ಲಿ ಏನು ಮಾಡುವುದೆಂದು ತಿಳಿಯದೆ ಕಣ್ಣು ಕಣ್ಣು ಬಿಟ್ಟರು. ಹತ್ತು ನಿಮಿಷ ತಡೆದುಕೊಂಡರು, ಆಮೇಲೆ ಒಬ್ಬೊಬ್ಬರಾಗಿ ಚೀಲದ ಹಿಂದೆ ಹೊರಟರು. ಒಳಗೆ ಏನಾದರೂ ಸದ್ದಾದರೆ, "ಅಣ್ಣ, ಅದು ನಂದು, ಒಂದ್ಸಲ ನೋಡ್ತೀನಿ" ಅಂತ ಗೋಗರೆತ. ಮುಂದೆ ಚಕ್ರಣ್ಣ, ಹಿಂದೆ ಮೂವತ್ತು ಜನ ಪದವೀಧರರಾಗುವವರು, ಹನ್ನೊಂದು ಕಟ್ಟಡ, ದಿನಾ. ನಡೆಯಬಾರದು ಅಂತ ಫೋನು ಕೊಟ್ಟವರು ಫೋನು ಬಿಟ್ಟಿರಲಾರದೆ ನಡೆದರು. ತಿಂಗಳಲ್ಲಿ ಅವರ ಮುಖಕ್ಕೆ ಕಳೆ ಬಂತು. ತಾವು ನಡೆಯುತ್ತಿದ್ದೇವೆ ಅಂತ ಒಬ್ಬರಿಗೂ ಹೊಳೆಯಲಿಲ್ಲ.

ನಮ್ಮವನು ಮಾತ್ರ ಬರಲಿಲ್ಲ. ಅವನಿಗೆ ಎರಡನೇ ಫೋನು ಇತ್ತಲ್ಲ.

ಉಳಿದವರು ಸಂಜೆ ಫೋನು ವಾಪಸು ತೆಗೆದುಕೊಳ್ಳುತ್ತಿದ್ದರು. ಮಗನದು ಮಾತ್ರ ಮನೆಯಿಂದ ಮನೆಯವರೆಗೆ ತಮ್ಮನ ಜೇಬಿನಲ್ಲೇ. ಹಾಗಾಗಿ ಮೊದಲ ತಿಂಗಳ ಅತಿ ಹೆಚ್ಚು ಹೆಜ್ಜೆಯ ಪದಕ ಯಾರಿಗೆ ಬಂತು ಅಂತ ಬೇರೆ ಹೇಳಬೇಕೆ? ಮಂಚದಿಂದ ಇಳಿಯದವನಿಗೆ ನಡಿಗೆಯ ಚಿನ್ನ.

ಸಮಾರಂಭ ಮೂರನೇ ಮಹಡಿಯ ಸಭಾಂಗಣದಲ್ಲಿ. ಆರೋಗ್ಯದ ಕಾರ್ಯಕ್ರಮವೆಂದು ನಿರ್ದೇಶಕರು ಆ ದಿನ ಲಿಫ್ಟ್ ನಿಲ್ಲಿಸಿದ್ದರು, ತಾವು ಅದರಲ್ಲೇ ಹತ್ತಿ ಬಂದ ಮೇಲೆ. ವೇದಿಕೆಯಲ್ಲಿ ತಟ್ಟೆ ಹಿಡಿಯುವ ಕೆಲಸ ತಮ್ಮನಿಗೆ, ಪ್ರಶಸ್ತಿಪತ್ರ ಹಿಡಿಯುವುದು ನನಗೆ. ಮಗನ ಹೆಸರು ಕೂಗಿದರು. ತಮ್ಮನ ಮುಖ ಅರಳಿತು. ಎರಡನೇ ಸಲ ಕೂಗಿದರು, ಮೂರನೇ ಸಲ ಕೂಗಿದರು. ಅಷ್ಟರಲ್ಲಿ ತಮ್ಮನ ಜೇಬಿನ ಫೋನು ಹೊಡೆದುಕೊಂಡಿತು. ಮಗನದೇ ಫೋನು, ಮಗನದೇ ಕರೆ. ಪಕ್ಕದಲ್ಲಿದ್ದ ನನಗೂ ಕೇಳಿಸಿತು.

"ಅಪ್ಪ, ಎರಡನೇ ಮಹಡೀಲಿ ಕೂತಿದೀನಿ. ಉಸಿರಾಡೋಕೇ ಆಗ್ತಿಲ್ಲ. ನೀನೇ ತಗೊಂಡ್ಬಿಡು."

ತಮ್ಮ ತಟ್ಟೆಯನ್ನು ಮೇಜಿನ ಮೇಲಿಟ್ಟು ಹೊರಟ. ಹಿಂದೆಯೇ ನಾನು. ಮಹಾರಾಜ ಮೆಟ್ಟಿಲ ಮೇಲೆ ಕುಸಿದಿದ್ದ. ಇಪ್ಪತ್ತೊಂದು ವರ್ಷದ ಹುಡುಗ, ತುಟಿ ಬಿಳಚಿಕೊಂಡಿತ್ತು, ಅಂಗಿ ಒದ್ದೆ, ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಫೋನು. ಬೈಯಬೇಕೆಂದು ಬಾಯಿ ತುಂಬ ಮಾತು ತಂದಿದ್ದವಳು ಸೆರಗಿನಿಂದ ಅವನ ಹಣೆ ಒರೆಸಿದೆ. ನನಗೆ ಹೆದರಿಕೆಯಾಯಿತು.

ತಮ್ಮ ಪಕ್ಕದಲ್ಲಿ ಕೂತು ಅವನ ಬೆನ್ನು ನೀವಿದ. ಕಾರ್ಯಕ್ರಮ ಮುಗಿದು ಜನ ಇಳಿದರು, ಚೀಲದ ಹಿಂದೆ ಅಲೆದವರು ಎರಡೆರಡು ಮೆಟ್ಟಿಲು ಹಾರಿ ಇಳಿದು ಹೋದರು. ತಮ್ಮ ಅವರ ಕಾಲುಗಳನ್ನೇ ನೋಡುತ್ತಿದ್ದ.

ಉಸಿರು ಹದಕ್ಕೆ ಬಂದ ಮೇಲೆ ಮಗ ಕೈ ಚಾಚಿದ. "ಕೆಳಗೆ ಕರ್ಕೊಂಡು ಹೋಗಪ್ಪ."

"ಮೇಲೆ ಹೋಗೋಣ. ನಿಧಾನಕ್ಕೆ. ನಾನು ಎಲ್ಲೂ ಹೋಗಲ್ಲ."

ಮಗ ಏಳು ಮೆಟ್ಟಿಲು ಹತ್ತಿ ಕೂತ. ಕೂತವನು ಅಪ್ಪನ ಜೇಬು ನೋಡಿದ. "ಆ ಫೋನ್ ನನ್ ಕೈಗೆ ಕೊಡು. ಈ ಹೆಜ್ಜೆಯಾದ್ರೂ ಲೆಕ್ಕಕ್ಕೆ ಬರ್ಲಿ."

ತಮ್ಮ ಫೋನು ತೆಗೆದ. ಅವನಿಗೆ ಕೊಡಲಿಲ್ಲ, ನನ್ನ ಕೈಗಿಟ್ಟ.

"ಪರೀಕ್ಷೆ ಗತಿ ಏನೋ?" ಅಂದೆ.

"ಮುಂದಿನ ವರ್ಷ ಬರೀತಾನೆ." ಮಗನ ಇನ್ನೊಂದು ಕೈಯಲ್ಲಿದ್ದ ಎರಡನೇ ಫೋನನ್ನೂ ಬಿಡಿಸಿ ನನಗೆ ಕೊಟ್ಟ. ಜೀವಮಾನದಲ್ಲಿ ಮೊದಲ ಸಲ ಅವನ ದನಿ ಗಟ್ಟಿಯಾಗಿತ್ತು. "ಎರಡನ್ನೂ ನಿನ್ನ ಕೌಂಟರಲ್ಲಿ ಇಟ್ಕೋ ಅಕ್ಕ. ಇವನಿಗೆ ಟೋಕನ್ ಕೊಡ್ಬೇಡ."