ಕೂತು ಕುಡಿಯುವ ಹಕ್ಕಿ

ದಾಸವಾಳ ಒಣಗಿದ ಮೇಲೆ ಕೇಶ್ವಾಪುರದ ಖಾತುನಬಿಯ ಅಂಗಳಕ್ಕೆ ಜೇನು ಹೀರುವ ಸೂರಕ್ಕಿ ಬರುವುದೇ ನಿಂತುಹೋಗಿತ್ತು. ಅದನ್ನು ಮತ್ತೆ ಹೇಗಾದರೂ ಕರೆಸಬೇಕೆಂದು ಸೊಸೆ ಫಿರದೋಸಳ ಜೊತೆ ಅವಳು ಗೋಕುಲ ರಸ್ತೆಯ ಹಕ್ಕಿ ಸಾಮಾನಿನ ಅಂಗಡಿಗೆ ಹೋದಳು.

ಅಂಗಡಿಯ ಬಸವಕಿರಣ ಕೆಂಪು ಬಾಟಲಿ ತೋರಿಸಿದ. "ಸಕ್ಕರಿ ನೀರು ತುಂಬಿ ತೂಗುಹಾಕ್ರಿ ಅಜ್ಜಿ. ಅಮೆರಿಕಾದಾಗ ಹಮ್ಮಿಂಗ್ ಬರ್ಡ್ ಇದರಾಗ ಕುಡೀತಾವ."

"ಎಲ್ಲಿ ಕೂಡ್ತಾವಪಾ?"

"ಕೂಡಂಗಿಲ್ರಿ. ಗಾಳ್ಯಾಗ ನಿಂತ ಕುಡೀತಾವ."

ಖಾತುನಬಿ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ನಮ್ಮದು ಟೊಂಗಿ ಮ್ಯಾಲೆ ಕೂತು ಕುಡೀತಿತ್ತು. ನಿಂತು ನೀರು ಕುಡೀಬ್ಯಾಡ್ರಿ ಅಂತ ಮಂದಿಗೆ ಹೇಳಾಕಿ ನಾನು. ಹಕ್ಕಿಗೆ ಹೆಂಗ ನಿಂದರಸ್ಲಿ?"

"ಅದಕ್ಕೂ ಚಾಪಿ ಹಾಸ್ತೀರೇನ್ರಿ ಅತ್ತಿ?" ಫಿರದೋಸ ನಕ್ಕಳು.

ಕೊನೆಗೆ ಕೂತುಕೊಳ್ಳಲು ಕಡ್ಡಿಯಿದ್ದ ಬೇರೊಂದು ಸಣ್ಣ ಬಾಟಲಿ ಮನೆಗೆ ಬಂತು. ನಾಲ್ಕನೇ ದಿನ ಮುಂಜಾನೆ ಸೂರಕ್ಕಿ ಬಂದು, ಕಡ್ಡಿಯ ಮೇಲೆ ಕೂತು, ಕೊಕ್ಕನ್ನು ಬಾಟಲಿಗೆ ಇಳಿಸಿತು.

"ಲಗೂ ಬಾ ಫಿರದೋಸ," ಖಾತುನಬಿ ಪಿಸುಗುಟ್ಟಿದಳು, "ಕೈಯಾಗಿನ ಬಳಿ ಸಪ್ಪಳ ಮಾಡಬ್ಯಾಡ."