ಅಳುಮುಂಜಿ ಭಾವ

ನನ್ನ ಹೆಂಡತಿಯ ಅಣ್ಣನ ಬಲಭುಜದ ಮೇಲೆ ಅಂಗೈಯಗಲ ಚರ್ಮ ದಡ್ಡುಗಟ್ಟಿ ಕಪ್ಪಾಗಿತ್ತು. ಅರಸೀಕೆರೆಯ ಮಾರುಕಟ್ಟೆಯಲ್ಲಿ ಇಪ್ಪತ್ತು ವರ್ಷ ಕೊಬ್ಬರಿ ಮೂಟೆ ಹೊತ್ತ ಗುರುತು ಅದು. ಅಂಥ ಆಳು ಎಲ್ಲರೆದುರೇ ಅಳುತ್ತಿದ್ದ. ಗುರುತಿಲ್ಲದವರ ಮದುವೆಯಲ್ಲಿ ಹೆಣ್ಣು ಒಪ್ಪಿಸುವಾಗಲೂ ಅವನ ಕಣ್ಣು ತುಂಬುತ್ತಿತ್ತು. ಜೊತೆಯ ಹಮಾಲಿಗಳು ಅಳುಮುಂಜಿ ಎಂದು ರೇಗಿಸಿದರೆ, ‘ಹೂಂ ಕಣ್ಲಾ, ಅಳುಮುಂಜಿನೇ. ನನ್ ಮೂಟೆ ನಿಮ್ಮಪ್ಪ ಹೊರ್ತಾನಾ?’ ಎನ್ನುತ್ತಿದ್ದ. ಅವನು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಲೇ ಇಲ್ಲ, ಕಣ್ಣೀರು ತಾನಾಗಿ ಒಣಗಬೇಕು.

ನಾನು ಅಂಥವನಲ್ಲ. ಬೇಲೂರಿನ ಕಚೇರಿಯೊಂದರಲ್ಲಿ ಗುಮಾಸ್ತ. ನಮ್ಮ ಮೊದಲ ಮಗು ಹುಟ್ಟಿದ ಒಂಬತ್ತನೇ ದಿನ ತೀರಿಕೊಂಡಾಗ, ‘ಗಂಡಸು, ನೀನು ಗಟ್ಟಿಯಾಗಿರ್ಬೇಕು’ ಎಂದು ಎಲ್ಲರೂ ಹೇಳಿದರು. ಗಟ್ಟಿಯಾಗೇ ಇದ್ದೆ. ಮೂರನೇ ದಿನ ಕಚೇರಿಗೆ ಹೋದೆ. ಮನೆಯಲ್ಲಿ ಮಗುವಿನ ಮಾತೆತ್ತಲಿಲ್ಲ. ಹೆಂಡತಿ ನನ್ನ ಜೊತೆ ಮಾತು ಬಿಟ್ಟಳು.

ತಿಂಗಳಾದ ಮೇಲೆ ಒಂದು ಭಾನುವಾರ ಭಾವ ಬಂದ. ತಂಗಿಯನ್ನು ನೋಡಿದ, ನನ್ನನ್ನು ನೋಡಿದ. ‘ನಡೀರಿ, ಅರಸೀಕೆರೇಲಿ ಒಂದ್ ಪಿಚ್ಚರ್ ಬಂದೈತೆ’ ಎಂದು ನನ್ನನ್ನು ಬಸ್ಸು ಹತ್ತಿಸಿದ.

ಹೊಡೆದಾಟವಿಲ್ಲದ ಚಿತ್ರ. ಮಗಳನ್ನು ಕಳೆದುಕೊಂಡ ಲಾರಿ ಡ್ರೈವರೊಬ್ಬ ಪಕ್ಕದ ಮನೆಯವನ ಬಾಗಿಲು ತಟ್ಟಿ, ‘ಸ್ವಲ್ಪ ಹೊತ್ತು ನನ್ ಜೊತೆ ಕೂತ್ಕೋತೀಯಾ?’ ಎಂದು ಕೇಳುತ್ತಾನೆ. ಆ ಮನೆಯವನು ಯಾಕೆ ಎನ್ನದೆ ಬಂದು ಮೆಟ್ಟಿಲ ಮೇಲೆ ಕೂರುತ್ತಾನೆ. ಅಷ್ಟೇ. ನನ್ನ ಗಂಟಲಿನಿಂದ ಎಂಥದೋ ಸದ್ದು ಹೊರಟಿತು. ತಡೆಯಲಾಗಲಿಲ್ಲ.

ಹಿಂದಿನ ಸಾಲಿನಲ್ಲಿ ಸಿಳ್ಳೆ ಬಿತ್ತು. ‘ಯಾರ್ಲಾ ಅದು, ಹೆಂಗಸ್ರಂಗೆ?’

ನಾನು ಎದ್ದು ಓಡಲು ನೋಡಿದೆ. ಭಾವ ನನ್ನನ್ನು ಒತ್ತಿ ಕೂರಿಸಿ, ತಾನು ಎದ್ದು ಹಿಂದಕ್ಕೆ ತಿರುಗಿದ. ಪ್ರೊಜೆಕ್ಟರಿನ ಬೆಳಕು ಅವನ ಒದ್ದೆ ಮುಖದ ಮೇಲೆ ಬಿತ್ತು.

‘ನನ್ ತಂಗಿ ಗಂಡ ಇವ್ರು. ಮಗೀನ ಮಣ್ ಮಾಡಿ ಬಂದವ್ರೆ, ಅಳ್ತಾರೆ. ನಾನೂ ಅಳ್ತಾ ಇವ್ನಿ. ಯಾರ್ಗೆ ನಾಚ್ಕೆ ಆಯ್ತದೋ ಅವ್ರು ಎದ್ದೋಗ್ರಿ.’

ಯಾರೂ ಏಳಲಿಲ್ಲ. ಪರದೆಯ ಮೇಲೆ ತನ್ನ ನೆರಳು ಬಿದ್ದಿದ್ದರೂ ಭಾವ ಒಂದು ಗಳಿಗೆ ಹಾಗೇ ನಿಂತಿದ್ದು, ಆಮೇಲೆ ಕೂತ.

ಸಂಜೆ ಮನೆಗೆ ಬಂದಾಗ ಹೆಂಡತಿ ನನ್ನ ಊದಿದ ಕಣ್ಣನ್ನೇ ನೋಡಿದಳು. ‘ಮಗು ನನ್ನೊಬ್ಬಳದೇ ಅನ್ಕೊಂಡಿದ್ದೆ ಕಣ್ರೀ’ ಎಂದಳು. ಅಡುಗೆಮನೆಯ ನೆಲದ ಮೇಲೆ ಇಬ್ಬರೂ ಕೂತೆವು. ನಮ್ಮ ಸಂಸಾರ ಉಳಿದದ್ದು ಅಲ್ಲಿಂದ.

ಹೋದ ವರ್ಷ ಭಾವ ಎದೆನೋವೆಂದವನು ಆಸ್ಪತ್ರೆ ಮುಟ್ಟಲಿಲ್ಲ. ಹೆಣ ಎತ್ತುವಾಗ ನಾನು ದನಿ ತೆಗೆದು ಅತ್ತೆ. ಹಿರಿಯರೊಬ್ಬರು ತೋಳು ಹಿಡಿದು, ‘ಸುಮ್ಕಿರಪ್ಪ, ಹೆಣ್ಮಕ್ಳೆಲ್ಲ ನೋಡ್ತಾವ್ರೆ’ ಎಂದರು.

‘ನೋಡ್ಲಿ’ ಎಂದೆ.